ಊಟಿ ಹೂವು ಕಲ್ಲಿನ ಸಾಲು ದಾಟಿದ ವರ್ಷ

ಮೊಮ್ಮಗಳ ಕೆಮ್ಮು ಯಾವ ಸಿರಪ್ಪಿಗೂ ಜಗ್ಗದೆ ಹೋದಾಗ, ಚನ್ನಪಟ್ಟಣದ ಯುನಾನಿ ಅಂಗಡಿಯಲ್ಲಿ ಕೇಳಿ ನೋಡೋಣ ಎಂದು ಮೊನ್ನೆ ಬಸ್ಸು ಹತ್ತಿದೆ. ಅಂಗಡಿಯ ಹಕೀಮರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಹಿಂದಿನ ಕಪಾಟಿನಿಂದ ಒಂದು ತಗಡಿನ ಡಬ್ಬ ಇಳಿಸಿ ಮುಚ್ಚಳ ತೆಗೆದರು. ಒಳಗೆ ಮುದುರಿಕೊಂಡ, ಬಣ್ಣ ಮಾಸಿದ ಪುಟ್ಟ ಪುಟ್ಟ ಹೂವುಗಳು. "ಬನಫ್ಷಾ ಅಮ್ಮಾ. ನೀರಲ್ಲಿ ಕುದಿಸಿ, ಕಲ್ಲುಸಕ್ಕರೆ ಹಾಕಿ ಕುಡಿಸಿ" ಅಂದರು. ಒಂದು ಹೂವನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ವಾಸನೆ ಇತ್ತೋ ಇಲ್ಲವೋ ಅನ್ನುವಷ್ಟೇ ಇತ್ತು. ನನಗೆ ಅಷ್ಟೇ ಸಾಕಾಯಿತು. ಇಪ್ಪತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚು ಅಂಗಡಿಯ ಕಟ್ಟೆಯ ಮೇಲೇ ಎದ್ದು ಕೂತಿತು.

"ಇದು ಊಟಿ ಹೂವಲ್ವಾ ಸಾಹೇಬ್ರೆ?" ಎಂದೆ.

"ಕಾಶ್ಮೀರದ್ದಮ್ಮ ಇದು. ಈ ಕಡೆ ಎಲ್ಲಿ ಬೆಳೀತದೆ?"

"ಬೆಳೀತದೆ. ನಮ್ಮ ಹಿತ್ತಲಲ್ಲಿ ಬೆಳೆದಿತ್ತು."

ಅವರು ನಂಬಲಿಲ್ಲ. ಗಿರಾಕಿಯ ಹತ್ತಿರ ವಾದ ಯಾಕೆ ಎಂದು ತಲೆಯಾಡಿಸಿ ಪೊಟ್ಟಣ ಕಟ್ಟಿದರು. ನಾನು ಹೇಳಿದ್ದೂ ಪೂರ್ತಿ ನಿಜವಲ್ಲ ಬಿಡಿ. ನೆಟ್ಟದ್ದು ನನ್ನ ಹಿತ್ತಲಲ್ಲಿ. ಮೊದಲು ಹೂ ಬಿಟ್ಟದ್ದು ನನ್ನ ಓರಗಿತ್ತಿಯ ಹಿತ್ತಲಲ್ಲಿ.

ನಮ್ಮೂರು ಹೊಂಗನೂರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಒಂದಿಷ್ಟು ರಾಗಿ, ಎರಡು ಹಸು, ಇಷ್ಟರಲ್ಲಿ ನಡೆಯುತ್ತಿದ್ದ ಒಟ್ಟು ಸಂಸಾರ ನಮ್ಮದು. ಫ್ಯಾಕ್ಟರಿಯ ಬಸ್ಸುಗಳು ಚನ್ನಪಟ್ಟಣದವರೆಗೂ ಬಂದು ಹುಡುಗರನ್ನು ತುಂಬಿಕೊಂಡು ಬಿಡದಿ ಕಡೆಗೆ ಹೋಗಲು ಶುರುವಾಗಿದ್ದ ಕಾಲ ಅದು. ನನ್ನ ಮೈದುನ ಮಹೇಶನಿಗೂ ಅಲ್ಲೊಂದು ಕೆಲಸ ಸಿಕ್ಕಿತು. ನೀಲಿ ಶರಟು, ಕೊರಳಿಗೆ ಫೋಟೊ ಇರುವ ಕಾರ್ಡು, ವಾರಕ್ಕೊಂದು ಶಿಫ್ಟು. ರಾತ್ರಿಯೆಲ್ಲ ದುಡಿದು ಬಂದವನು ಹಗಲು ಮಲಗಬೇಕು. ನಮ್ಮದೋ ಹುಳ ಸಾಕುವ ಮನೆ. ಸೊಪ್ಪು ತರುವವರು, ಕತ್ತರಿಸುವವರು, ಹುಳದ ತಟ್ಟೆ ಎಳೆಯುವವರು, ಗದ್ದಲ ನಿಲ್ಲುವುದೇ ಇಲ್ಲ. ಅವನಿಗೆ ನಿದ್ದೆ ಇಲ್ಲ, ನಮಗೆ ಅವನ ಗೊಣಗಾಟ. ಸಂಬಳ ಬರುವವನಿಗೆ ಹುಳದ ಮೇಲೆ ಆಸೆಯೂ ಹೋಗಿತ್ತು. ಕೊನೆಗೆ ಪಾಲಾಯಿತು. ಜಗಳ ಅಂತ ಏನೂ ಆಗಲಿಲ್ಲ. ಆಗಿದ್ದರೇ ಚೆನ್ನಾಗಿತ್ತು, ನನ್ನ ಹೊಟ್ಟೆಯಲ್ಲಿದ್ದದ್ದು ಒಂದಿಷ್ಟು ಆಚೆ ಬರುತ್ತಿತ್ತು.

ಮನೆಗೆ ನಡುವೆ ಗೋಡೆ ಎದ್ದಿತು. ಹಿತ್ತಲಿಗೆ ಗೋಡೆ ಯಾಕೆ ಎಂದು ಒಂದು ಸಾಲು ಕಲ್ಲು ಇಟ್ಟರು, ಮೊಣಕಾಲಿನಷ್ಟೂ ಎತ್ತರವಿಲ್ಲ. ಪೂರ್ವದ ಕಡೆ ಮಹೇಶನಿಗೆ ಹೋಯಿತು: ಬೆಳಗಿನ ಬಿಸಿಲು, ನಲ್ಲಿ, ಬಟ್ಟೆ ಒಗೆಯುವ ಕಲ್ಲು, ನುಗ್ಗೆ ಮರ. ಪಶ್ಚಿಮದ ಕಡೆ ನಮಗೆ ಬಂತು. ಅಲ್ಲಿ ಒಂದು ಹಲಸು, ಒಂದು ಹೊಂಗೆ, ಅವೆರಡರ ಕೆಳಗೆ ಹುಳದ ಮನೆ. "ಹುಳಕ್ಕೆ ತಂಪು ಬೇಕಲ್ಲ, ಅದ್ಕೇ ನಾನೇ ಕೇಳಿ ಇಸ್ಕೊಂಡೆ" ಎಂದು ನಮ್ಮ ಯಜಮಾನರು ದೊಡ್ಡ ಸಾಧನೆ ಮಾಡಿದವರ ಹಾಗೆ ಹೇಳಿದರು. ಹುಳಕ್ಕೆ ತಂಪು ಸಿಕ್ಕಿತು. ನನಗೆ ಒಂದು ಮೆಣಸಿನ ಗಿಡ ಹಾಕಲು ಜಾಗವಿಲ್ಲ, ಸಂಡಿಗೆ ಇಡಲು ಬಿಸಿಲಿಲ್ಲ. ಬರೀ ನೆರಳು, ಬರೀ ಉದುರಿದ ಎಲೆ. ದಿನಾ ಬೆಳಿಗ್ಗೆ ಆ ಬೋಳು ನೆಲವನ್ನು ಗುಡಿಸಿ ಸಗಣಿ ನೀರು ಹಾಕುವುದೇ ನನ್ನ ಪಾಲಿಗೆ ಬಂದ ತೋಟಗಾರಿಕೆ. ಕಲ್ಲಿನ ಆಚೆ ನನ್ನ ಓರಗಿತ್ತಿ ಸುಧಾ ಬದನೆ, ಮೆಣಸು, ಕನಕಾಂಬರ ಹಾಕಿಕೊಂಡು, ಮೈಗೆ ಪೌಡರು ಬಳಿದುಕೊಂಡು, ತಲೆ ತುಂಬ ಮಲ್ಲಿಗೆ ಮುಡಿದುಕೊಂಡು ಓಡಾಡುತ್ತಿದ್ದಳು. ಹುಳ ಸಾಕುವವರು ಹಾಗೆಲ್ಲ ಮಾಡುವಂತಿಲ್ಲ. ಘಾಟು ವಾಸನೆ ಹುಳಕ್ಕೆ ಆಗುವುದಿಲ್ಲ. ಪೌಡರು, ಬೀಡಿ, ಊದುಬತ್ತಿ, ಮುಡಿದ ಹೂವು, ಯಾವುದೂ ಹುಳದ ಮನೆಯ ಬಾಗಿಲು ದಾಟಬಾರದು. ಅದೇ ಮನೆಗೆ ಸೊಸೆಯಾಗಿ ಬಂದವಳು ಅವಳೂ. ಅವಳಿಗೆ ಮಲ್ಲಿಗೆ, ನನಗೆ ಹುಳದ ಹಿಕ್ಕೆ. ಉರಿಯುವುದಿಲ್ಲವೇ?

ಆದರೆ ಇವೆಲ್ಲ ಮೇಲುಮೇಲಿನ ಮಾತು. ಆ ಪಾಲಿನಲ್ಲಿ ನನಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ. ನಮ್ಮ ಅತ್ತೆ.

ನಗಬೇಡಿ. ಅತ್ತೆ ಬೇಡ ಎಂದು ಜಗಳ ತೆಗೆಯುವ ಸೊಸೆಯರನ್ನು ನಾನೂ ಕಂಡಿದ್ದೇನೆ. ನನ್ನ ಕತೆ ಬೇರೆ. ನಮ್ಮವ್ವ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದಳು. ಮುದ್ದೆ ತಿರುಗಿಸುವುದರಿಂದ ಹಿಡಿದು, ಹುಳ ಹಣ್ಣಾಗಿ ಗೂಡು ಕಟ್ಟಲು ಬಂತೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುವವರೆಗೆ ನನಗೆ ಎಲ್ಲವನ್ನೂ ಕಲಿಸಿದವರು ಅತ್ತೆ. ಮೊದಲ ಬಾಣಂತನದಲ್ಲಿ ತವರು ಇಲ್ಲ ಎಂಬುದು ನನಗೆ ನೆನಪೇ ಬಾರದ ಹಾಗೆ ನೋಡಿಕೊಂಡವರು. ಮಾವ ಹೋದ ಮೇಲೆ ಅವರು ಮಂಕಾದಾಗ ನಾನು ಅವರನ್ನು ಕೈಯಲ್ಲಿಟ್ಟುಕೊಂಡು ನೋಡಿದ್ದೆ. ಸುಧಾ ನಿನ್ನೆ ಮೊನ್ನೆ ಚನ್ನಪಟ್ಟಣದಿಂದ ಬಂದವಳು. ಅತ್ತೆಗೆ ಬಿಸಿನೀರು ಎಷ್ಟು ಬಿಸಿ ಇರಬೇಕು ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಪಾಲಿನ ದಿನ ಊರಿನ ಯಜಮಾನರು ಅತ್ತೆಯನ್ನು ಕೇಳಿದರು: "ನೀನು ಯಾರ ಜೊತೆ ಇರ್ತೀಯವ್ವ?" ನಾನು ಬಾಗಿಲ ಹಿಂದೆ ನಿಂತಿದ್ದೆ. ದೊಡ್ಡವನ ಜೊತೆ ಎಂಬ ಉತ್ತರ ಬಂದೇ ಬಿಟ್ಟಿತು ಎಂದು ಕಾಯುತ್ತಿದ್ದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಈಗ್ಲೇ ಏನವಸ್ರ? ಸದ್ಯಕ್ಕೆ ದೊಡ್ಡೋನ ಮನೇಲಿ ಇವ್ನಿ. ಸಂಕ್ರಾಂತಿ ಕಳೀಲಿ, ಹೇಳ್ತೀನಿ" ಅಂದುಬಿಟ್ಟರು. ಇದರಲ್ಲಿ ಯೋಚನೆ ಮಾಡುವಂಥದ್ದು ಏನಿತ್ತು?

ನನ್ನ ತವರು ಹಾರೋಹಳ್ಳಿ ಕಡೆ. ಅಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ನನ್ನ ತಮ್ಮ ಶಿವಣ್ಣ ಆರಂಬ ಬಿಟ್ಟು ಒಂದು ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಆ ಆಷಾಢದಲ್ಲಿ ಅಲ್ಲಿನ ಸಾಹೇಬರ ಸಂಸಾರವನ್ನು ಊಟಿಗೆ ಕರೆದುಕೊಂಡು ಹೋಗಿದ್ದವನು, ಬರುವಾಗ ಒದ್ದೆ ಗೋಣಿತಾಟಿನಲ್ಲಿ ಸುತ್ತಿದ ಒಂದು ಗಂಟು ತಂದು ನನ್ನ ಮುಂದೆ ಇಟ್ಟ. ಬಿಚ್ಚಿದರೆ ಮಣ್ಣಿನ ಸಮೇತ ಕಿತ್ತ ಗಿಡಗಳು. ಗೇಣುದ್ದವೂ ಇಲ್ಲ. ಎಲೆ ಥೇಟ್ ಒಂದೆಲಗದ ಎಲೆಯ ಹಾಗೆ.

"ನೆಳ್ಳು ನೆಳ್ಳು ಅಂತ ಬಡ್ಕೊಂತಿದ್ದಲ್ಲಕ್ಕ, ತಗೊ. ಇದು ನೆಳ್ಳಾಗೇ ಬೆಳ್ಯೋ ಹೂವ. ಸಾಹೇಬ್ರು ಇಳ್ಕಂಡಿದ್ದ ಬಂಗ್ಲೆ ತಾವ ಮರದ ಬುಡಕ್ಕೆಲ್ಲ ಕಂಬ್ಳಿ ಹಾಸ್ದಂಗೆ ಹಬ್ಬಿತ್ತು. ವಯೊಲೆಟ್ ಅಂತೆ. ಮಾಲಿನ ಕೇಳಿ ಕಿತ್ಕೊಂಡು ಬಂದೆ."

"ವಾಸ್ನೆ ಐತಾ?"

"ಬಗ್ಗಿ ಮೂಸುದ್ರೆ ಘಮ್ ಅಂತದೆ. ತಕ್ಷಣ ಇನ್ನೊಂದ್ಸಲ ಮೂಸು, ಏನೂ ಇರಾಕಿಲ್ಲ. ಒಸಿ ಹೊತ್ತು ಬುಟ್ಟು ಮೂಸು, ತಿರ್ಗಾ ಬತ್ತದೆ. ಕಳ್ಳ ಹೂವ ಕಣಕ್ಕ ಅದು."

ಮುಡಿಯಲು ಬರುತ್ತದಾ ಎಂದು ಕೇಳಿದೆ. ಅಷ್ಟು ಗಿಡ್ಡ ತೊಟ್ಟಿನ ಹೂವನ್ನು ದಾರದಲ್ಲಿ ಕಟ್ಟಲು ಆಗುವುದಿಲ್ಲ, ನೆಲದ ಮೇಲೇ ಇದ್ದು ಅಲ್ಲೇ ಒಣಗುತ್ತದೆ ಎಂದ. ಆಗ ನನಗೆ ಅತ್ತೆಯ ನೆನಪಾಯಿತು.

ಅತ್ತೆಗೆ ಹೂವೆಂದರೆ ಪ್ರಾಣ. ಮಾವ ಇದ್ದಾಗ ಸಂತೆಯಿಂದ ಉಪ್ಪು ಮರೆತು ಬಂದರೂ ಹೆಂಡತಿಗೆ ಮಲ್ಲಿಗೆ ತರುವುದನ್ನು ಮರೆಯುತ್ತಿರಲಿಲ್ಲವಂತೆ ಅವರು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ಅತ್ತೆ ಅದನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಮುಡಿದುಕೊಳ್ಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಒಂದು ಎಸಳೂ ಇಲ್ಲ. ನಮ್ಮ ಕಡೆ ಅದು ಹಾಗೇ. ಮುಡಿಯಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದರೆ ಅತ್ತೆಯ ಮುಖ ಆ ಕಡೆ ತಿರುಗುತ್ತಿತ್ತು, ಅಷ್ಟೇ. ಮುಡಿಯಲಾಗದ ಹೂವು, ಕೂತು ಮೂಸುವ ಹೂವು. ಇದರ ಹತ್ತಿರ ಗಂಡ ಸತ್ತವರು ಕೂತರೆ ಊರವರು ಏನೂ ಅನ್ನುವಂತಿಲ್ಲ. ನನ್ನ ಕತ್ತಲೆ ಹಿತ್ತಲಿಗೂ ಒಂದು ಬೆಲೆ ಬಂತು. ಸಂಕ್ರಾಂತಿಯ ಹೊತ್ತಿಗೆ ಹಲಸಿನ ಬುಡದಲ್ಲಿ ಹೂವಿನ ಹಾಸಿಗೆ ಮಾಡಿ ಅತ್ತೆಯನ್ನು ಅಲ್ಲಿ ಕೂರಿಸಿಬಿಟ್ಟರೆ, ಸುಧಾಳ ಬದನೆಕಾಯಿಯನ್ನು ಯಾರು ಮೂಸುತ್ತಾರೆ?

"ಹುಳದ ಮನೆ ಮಗ್ಗುಲಲ್ಲಿ ವಾಸ್ನೆ ಹೂವ ಹಾಕ್ತೀಯಲ್ಲೇ, ಬುದ್ಧಿ ಐತಾ ನಿಂಗೆ?" ಎಂದು ನಮ್ಮ ಯಜಮಾನರು ರೇಗಿದರು. ಬಗ್ಗಿದರೆ ಮಾತ್ರ ಬರುವ ವಾಸನೆ ಇದು, ನಿಮ್ಮ ಹುಳ ತಟ್ಟೆಯಿಂದ ಇಳಿದು ಬಂದು ಬಗ್ಗುತ್ತದಾ ಎಂದು ಕೇಳಿದೆ.

ಮಳೆಯ ತೇವ ಇತ್ತು. ಗಂಟನ್ನು ಬಿಡಿಸಿ, ಬೇರು ಹರಿಯದ ಹಾಗೆ ಒಂದೊಂದೇ ಬುಡವನ್ನು ಬೇರ್ಪಡಿಸಿ, ಹಲಸಿನಿಂದ ಹೊಂಗೆಯವರೆಗೆ ನೆಟ್ಟೆ. ನೆಲ ಬಿರುಸಾಗಿತ್ತು. ಹುಳದ ಮನೆಯಲ್ಲಿ ಪ್ರತಿ ಸಲ ತಟ್ಟೆ ಬದಲಿಸಿದಾಗಲೂ ಹಿಕ್ಕೆ, ತಿಂದುಳಿದ ಸೊಪ್ಪು ಬುಟ್ಟಿಗಟ್ಟಲೆ ಬರುತ್ತದೆ. ಅದಕ್ಕಿಂತ ಒಳ್ಳೆ ಗೊಬ್ಬರ ಭೂಮಿಯ ಮೇಲೆ ಇಲ್ಲ ಎಂದು ಹುಳ ಸಾಕುವವರೆಲ್ಲ ನಂಬಿರುತ್ತೇವೆ. ತೆಂಗಿಗೂ ಅದೇ, ತುಳಸಿಗೂ ಅದೇ. ಊಟಿ ಹೂವಿಗೂ ಅದನ್ನೇ ಹಾಕಿದೆ. ಒಂದು ಬುಟ್ಟಿ ಹಾಕುವ ಕಡೆ ಎರಡು ಬುಟ್ಟಿ ಹಾಕಿದೆ.

ಗಿಡ ಬಂದ ರೀತಿ ನೋಡಬೇಕಿತ್ತು! ಗೌರಿ ಹಬ್ಬದ ಹೊತ್ತಿಗೆ ಪ್ರತಿ ಬುಡದಿಂದಲೂ ಎಳೆ ಬಳ್ಳಿಗಳು ಹೊರಟು, ನೆಲ ಮುಟ್ಟಿದಲ್ಲೆಲ್ಲ ಬೇರು ಬಿಟ್ಟು, ಹೊಸ ಗಿಡ ಎದ್ದವು. ಆಯುಧಪೂಜೆಗೆ ಗುಡಿಸಲು ಬೋಳು ನೆಲವೇ ಉಳಿಯಲಿಲ್ಲ. ನೋಡಿದವರೆಲ್ಲ ಏನವ್ವ ಇದು, ಎಷ್ಟೊಂದು ಒಂದೆಲಗ ಅನ್ನುತ್ತಿದ್ದರು. ಅತ್ತೆಯೂ ಒಂದು ದಿನ ಮಡಿಲು ತುಂಬ ಕಿತ್ತುಕೊಂಡು ಅಡುಗೆಮನೆಗೆ ಬಂದರು.

"ಒಸಿ ಹುಣ್ಸೆಹಣ್ಣು ಕೊಡವ್ವ. ಚಟ್ನಿ ಅರೀತೀನಿ."

"ಅಯ್ಯೋ ಅತ್ತೆ! ಅದು ಊಟಿ ಹೂವ!"

"ಹೂವೆಲ್ಲೈತೆ ಇದ್ರಲ್ಲಿ?"

"ಬತ್ತದೆ, ಚಳಿ ಬೀಳ್ಲಿ. ನಿಮ್ಗೋಸ್ಕರನೇ ಹಾಕಿರೋದು" ಎಂದೆ. ಅತ್ತೆ ನನ್ನ ಮುಖ ನೋಡಿ, ಮಡಿಲಿನ ಎಲೆ ನೋಡಿ, ನಕ್ಕರು. ಆ ನಗುವಿನಲ್ಲಿ ನಾನು ಸಂಕ್ರಾಂತಿಯ ಉತ್ತರವನ್ನು ಓದಿಕೊಂಡು ಎರಡು ತಿಂಗಳು ನಿಶ್ಚಿಂತೆಯಾಗಿದ್ದೆ.

ಅಷ್ಟರಲ್ಲಿ ಸುಧಾ ಕಲ್ಲಿನ ಆಚೆಯಿಂದ ಕೂಗಿದಳು. "ಅಕ್ಕಾ, ನಿಮ್ಮ ಊಟಿ ಗಿಡ ಕಲ್ಲಿನ ಸಂದೀಲಿ ನುಗ್ಗಿ ನಮ್ ಕಡೆಗೆ ಬಂದ್ಬುಟ್ಟೈತೆ. ಕಿತ್ತಾಕ್ಲಾ?" ಬಗ್ಗಿ ನೋಡಿದೆ. ನುಗ್ಗೆ ಮರದ ಬುಡದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಗೋಡೆ ಕಟ್ಟಿದಾಗ ಉಳಿದ ಗಾರೆಚೂರಿನ ನಡುವೆ ನಾಲ್ಕು ಬಡಕಲು ಗಿಡ. ಎಲೆ ನನ್ನದರ ಅರ್ಧವೂ ಇಲ್ಲ. ನನಗೆ ಅಯ್ಯೋ ಅನ್ನಿಸಿತು. "ಇರ್ಲಿ ಬುಡು ಸುಧಾ, ಪಾಪ" ಎಂದು ಧಾರಾಳವಾಗಿ ಹೇಳಿದೆ. ನನ್ನ ಜೀವನದಲ್ಲಿ ನಾನು ಅಷ್ಟು ಧಾರಾಳಿಯಾದದ್ದು ಅದೇ ಕೊನೆ.

ಕಾರ್ತಿಕ ಕಳೆದು ಚಳಿ ಬಿತ್ತು. ಬೆಳಿಗ್ಗೆ ಎದ್ದ ತಕ್ಷಣ ನಾನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಹಲಸಿನ ಬುಡಕ್ಕೆ ಹೋಗಿ ಎಲೆ ಸರಿಸಿ ನೋಡುವುದು. ಎಲೆಯೆಂದರೆ ಎಲೆ, ಅಂಗೈ ಅಗಲ, ಕಡು ಹಸಿರು, ಮಿರಿಮಿರಿ ಮಿಂಚುತ್ತಿತ್ತು. ಮೊಗ್ಗು ಮಾತ್ರ ಇಲ್ಲ. ಇನ್ನೊಂದು ಬುಟ್ಟಿ ಹಿಕ್ಕೆ ಹಾಕಿದೆ. ಎಲೆ ಇನ್ನೂ ದೊಡ್ಡದಾಯಿತು.

ಒಂದು ದಿನ ಬೆಳಿಗ್ಗೆ ಅತ್ತೆ ಬಿಸಿಲು ಕಾಯಿಸಿಕೊಳ್ಳಲು ಸುಧಾಳ ಹಿತ್ತಲಿಗೆ ಹೋಗಿದ್ದರು. ನಮ್ಮ ಕಡೆ ಬಿಸಿಲು ಎಲ್ಲಿತ್ತು? ಒಗೆಯುವ ಕಲ್ಲಿನ ಮೇಲೆ ಕೂತವರು ಇದ್ದಕ್ಕಿದ್ದಂತೆ ಆ ಕಡೆ ಈ ಕಡೆ ತಿರುಗಿ, "ಯಾರವ್ವ ಹೂವ ಮುಡ್ಕೊಂಡು ಬಂದೋರು?" ಅಂದರು. ಯಾರೂ ಇರಲಿಲ್ಲ. ಸುಧಾ ಬಗ್ಗಿ ಎಲೆ ಸರಿಸಿ ಕಿರುಚಿದಳು. ನಾನು ಸೊಪ್ಪಿನ ಹೊರೆಯನ್ನು ಅಲ್ಲೇ ಬಿಸಾಕಿ ಓಡಿದೆ. ಆ ಬಡಕಲು ಗಿಡಗಳಲ್ಲಿ, ಗಾರೆಚೂರಿನ ನಡುವೆ, ನೇರಳೆ ಹಣ್ಣಿನ ಬಣ್ಣದ ಹೂಗಳು ಕತ್ತು ಬಗ್ಗಿಸಿಕೊಂಡು ನಿಂತಿದ್ದವು. ಒಂದೆರಡಲ್ಲ, ಕೈತುಂಬ. ಅತ್ತೆ ಮೊಣಕಾಲೂರಿ ನೆಲಕ್ಕೆ ಮುಖ ತಂದು ಮೂಸುತ್ತಿದ್ದರು. "ಹೋಯ್ತು... ಬಂತು ನೋಡು... ಮತ್ತೆ ಹೋಯ್ತು" ಎಂದು ಮಗುವಿನ ಹಾಗೆ ನಗುತ್ತಿದ್ದರು.

ನಾನು ಏನು ಮಾಡಿದೆ? "ಚೆನ್ನಾಗವೆ" ಎಂದೆ. ಹುಳದ ಮನೆಗೆ ಬಂದು ಬಾಗಿಲು ಹಾಕಿಕೊಂಡು ತಟ್ಟೆಗಳನ್ನು ದಡದಡ ಎಳೆದಾಡಿದೆ. ತಮ್ಮ ತಂದದ್ದು ನನಗೆ. ನೆಟ್ಟವಳು ನಾನು, ನೀರು ಹೊತ್ತವಳು ನಾನು. ಅವಳು ಒಂದು ಚೊಂಬು ನೀರು ಹಾಕಿದವಳಲ್ಲ, ಬಟ್ಟೆ ಒಗೆದ ನೀರು ತಾನಾಗಿ ಹರಿದು ಹೋಗುತ್ತಿತ್ತು. ಹೂವಿಗೆ ಕಣ್ಣಿಲ್ಲವೇ?

ಆವತ್ತಿನಿಂದ ಅತ್ತೆಯ ಬೆಳಗು ಕಲ್ಲಿನ ಆಚೆಗೆ ಹೋಯಿತು. ಕಾಫಿ ನನ್ನ ಮನೆಯಲ್ಲಿ, ಲೋಟ ಹಿಡಿದುಕೊಂಡು ನಡೆಯುವುದು ಆ ಕಡೆಗೆ. ಹುಳದ ಮನೆಯ ಜಾಲರಿ ಕಿಟಕಿಯಿಂದ ಅವರ ನಗು ಕೇಳುತ್ತಿತ್ತು. ಏನಕ್ಕೆ ನಗುತ್ತಾರೆ ಎಂದು ಕೇಳಿಸಿಕೊಳ್ಳಲು ಹೋಗಿ ಎಷ್ಟೋ ಸಲ ಒಂದೇ ತಟ್ಟೆಗೆ ಎರಡೆರಡು ಸಲ ಸೊಪ್ಪು ಹಾಕಿದ್ದೇನೆ. ನಮ್ಮ ಯಜಮಾನರ ಹತ್ತಿರ ಹೇಳಿಕೊಂಡರೆ, "ಹೂವ ಅಲ್ವೇನೇ, ನಮ್ದಾದ್ರೇನು ಅವ್ರದಾದ್ರೇನು" ಅಂದರು. ಹೊಟ್ಟೆಕಿಚ್ಚು ಎಂದರೇನೆಂದು ತಿಳಿಯದ ಗಂಡಸಿನ ಜೊತೆ ಬಾಳುವುದು ಸುಲಭವಲ್ಲ.

ಧನುರ್ಮಾಸದಲ್ಲಿ ತಮ್ಮ ಬಂದ. ಎರಡೂ ಹಿತ್ತಲು ನೋಡಿದ. ನನ್ನ ಕಡೆಯ ಮಣ್ಣನ್ನು ಬೆರಳಲ್ಲಿ ಕೆದಕಿ ನಗಲು ಶುರು ಮಾಡಿದ.

"ಏನಕ್ಕ ಇದು, ಹಬ್ಬದ ಕುರಿ ಮೇಯಿಸ್ದಂಗೆ ಮೇಯಿಸ್ಬುಟ್ಟಿದ್ದೀಯ! ಕುಂಬ್ಳದ ಬಳ್ಳಿಗೆ ಗೊಬ್ರ ಜಾಸ್ತಿ ಆದ್ರೆ ಏನಾಯ್ತದೆ? ಬಳ್ಳಿ ಹಬ್ಕೊಂಡು ಹೋಯ್ತದೆ, ಕಾಯಿ ಕಟ್ಟಾಕಿಲ್ಲ. ನೀನೇ ನಂಗೆ ಹೇಳಿಕೊಟ್ಟೋಳು."

"ಅದು ಕುಂಬ್ಳ. ಇದು ಊಟೀದು."

"ಊಟೀದಾದ್ರೆ ಹೊಟ್ಟೆ ಬೇರೆ ಇರ್ತದಾ? ಅವ್ರ ಕಡೆ ಒಸಿ ಬೆಳಕೈತೆ, ಉಪವಾಸ ಬೇರೆ ಬಿದ್ದೈತೆ. ಹೂ ಬುಟ್ಟೈತೆ."

ಹೋಗಲಾ ಎಂದು ಬೈದು ಅವನಿಗೆ ಊಟಕ್ಕಿಕ್ಕಿದೆ. ಅವನು ಹೇಳಿದ್ದು ಸರಿ ಎಂದು ಆಗಲೇ ಗೊತ್ತಾಗಿತ್ತು. ಆದರೆ ಹಾಕಿದ ಗೊಬ್ಬರವನ್ನು ವಾಪಸ್ಸು ಎತ್ತುವುದು ಹೇಗೆ? ಸಂಕ್ರಾಂತಿ ಹತ್ತಿರ ಬಂದಿತ್ತು.

ಆ ವಾರವೇ ಇನ್ನೊಂದು ಸುದ್ದಿ ಬಂತು. ಸುಧಾ ಗಾರ್ಮೆಂಟ್ಸ್ ಕೆಲಸಕ್ಕೆ ಸೇರುತ್ತಾಳಂತೆ. ರಾಮನಗರದ ಕಡೆಯ ಹೊಲಿಗೆ ಫ್ಯಾಕ್ಟರಿಯ ವ್ಯಾನು ನಮ್ಮೂರಿಗೇ ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿತ್ತು. ಅವಳ ಮಗಳು ಪುಟ್ಟಿಗೆ ಆಗ ನಡಿಗೆ ಬಂದಿತ್ತಷ್ಟೇ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ.

ಸೊಗಡಿನ ಅವರೆಕಾಯಿ ಬರುವ ಕಾಲ. ಹಬ್ಬದ ಹಿಂದಿನ ದಿನ ಸಾಯಂಕಾಲ ಒಂದು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಧಾಳಿಗೆ ಕೊಡೋಣ ಎಂದು ಕಲ್ಲು ದಾಟಿದೆ. ಒಗೆಯುವ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಮಡಿಲಲ್ಲಿ ಪುಟ್ಟಿ. ಹಿಂದೆ ನಿಂತು ಸುಧಾ ಅತ್ತೆಯ ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಬಿಳಿ ತುರುಬಿನಲ್ಲಿ ಊಟಿ ಹೂಗಳು ಇದ್ದವು. ದಾರವಿಲ್ಲ, ಮಾಲೆಯಿಲ್ಲ. ಒಂದು ಹೇರ್‌ಪಿನ್ನಿಗೆ ತೊಟ್ಟು ಸೇರಿಸಿ ಸಿಕ್ಕಿಸಿಬಿಟ್ಟಿದ್ದಳು.

"ಅತ್ತೆ!" ಎಂದೆ. ಮೊರ ಕೈಯಲ್ಲೇ ವಾಲಿ ಅವರೆಕಾಯಿ ಕೆಳಕ್ಕೆ ಬಿದ್ದವು.

ಅತ್ತೆ ಗಾಬರಿಯಾಗಿ ತುರುಬಿಗೆ ಕೈ ಹಾಕಿದರು. "ನಾನು ಬ್ಯಾಡ ಬ್ಯಾಡ ಅಂದೆ ಕಣವ್ವ. ಇವ್ಳು ಕೇಳ್ನಿಲ್ಲ."

"ಏನಾಗಲ್ಲ ಬನ್ನಿ ಅಕ್ಕ" ಎಂದಳು ಸುಧಾ. "ಸೆರಗು ಮುಚ್ಕೊಂಡ್ರೆ ಯಾರಿಗ್ ಕಾಣ್ತದೆ? ಈ ಹೂವ ಹೂವಿನಂಗೇ ಇಲ್ಲ, ಇಷ್ಟು ಚಿಕ್ಕದು. ಅತ್ತೆಗೆ ಎಷ್ಟು ಇಷ್ಟ ಅಂತ ನಿಮ್ಗೇ ಗೊತ್ತಲ್ಲ."

ಗೊತ್ತಿತ್ತು. ಅವಳಿಗಿಂತ ಮೊದಲು ಗೊತ್ತಿತ್ತು. ಅತ್ತೆ ಬೇಡ ಅಂದೆ ಅಂದರೇ ಹೊರತು ತುರುಬಿಗೆ ಹೋದ ಕೈ ಹೂವನ್ನು ತೆಗೆಯಲಿಲ್ಲ. ಮೆಲ್ಲಗೆ ಮುಟ್ಟಿ, ಇದೆಯೋ ಇಲ್ಲವೋ ನೋಡಿಕೊಂಡು ಕೆಳಗಿಳಿಯಿತು. ಊರು ಏನೆಂದೀತು ಎಂಬ ಯೋಚನೆ ನನಗೆ ಒಂದು ಕ್ಷಣವೂ ಬರಲಿಲ್ಲ. ಮುಡಿಯಲಾಗದ ಹೂವು ಎಂದೇ ನಾನು ನೆಟ್ಟಿದ್ದೆ. ಈ ನಿನ್ನೆಯ ಹುಡುಗಿ ಒಂದು ಪಿನ್ನಿನಲ್ಲಿ ಮುಡಿಸಿಬಿಟ್ಟಳು! ಅದು ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ ಎಂದು ಮೈಯೆಲ್ಲ ಉರಿಯಿತು. ಬಿದ್ದ ಅವರೆಕಾಯಿಗಳನ್ನು ಆರಿಸಿಕೊಡದೆ ಹಾಗೇ ವಾಪಸ್ಸು ಬಂದೆ.

ಮಾರನೆಯ ದಿನ ಎಳ್ಳು ಬೆಲ್ಲ ಹಂಚಿಯಾಯಿತು, ಹಸುಗಳಿಗೆ ಕಿಚ್ಚು ಹಾಯಿಸಿಯಾಯಿತು. ಜಗಲಿಯ ಮೇಲೆ ಎರಡೂ ಮನೆಯವರು ಕೂತಿದ್ದಾಗ ಅತ್ತೆ ತಾವಾಗಿಯೇ ಮಾತು ತೆಗೆದರು. "ನಾನು ಚಿಕ್ಕೋನ ಮನೇಲಿ ಇರ್ತೀನಿ ಕಣಪ್ಪ." ನಮ್ಮ ಯಜಮಾನರು ಆಗಲವ್ವ ಅಂದರು. ಮಹೇಶ ನೆಲ ನೋಡಿದ. ನಾನು ಎದ್ದು ಅಡುಗೆಮನೆಗೆ ಹೋದೆ.

ಅತ್ತೆ ನನ್ನ ಹಿಂದೆಯೇ ಬಂದರು. ನಾನು ಪಾತ್ರೆಗಳನ್ನು ತಿಕ್ಕುತ್ತಲೇ ಇದ್ದೆ.

"ನಾನೇನು ಕಮ್ಮಿ ಮಾಡಿದ್ದೆ ಅತ್ತೆ?"

"ನೀನು ಯಾವತ್ತವ್ವ ಕಮ್ಮಿ ಮಾಡಿದ್ದೀಯ? ಕೇಳೋಕ್ ಮುಂಚೆ ನೀರು ಕಾಸಿರ್ತೀಯ. ಮುದ್ದೆ ಮುರ್ದು ತಟ್ಟೆಗೆ ಇಕ್ತೀಯ. ಹುಳದ ಮನೆ ಬಾಗ್ಲಿಗೂ ನನ್ನ ಬುಡಾಕಿಲ್ಲ."

"ಹುಳದ ತಟ್ಟೆಗೆ ಎರಚೋ ಸುಣ್ಣದ ಧೂಳಿಗೆ ನಿಮ್ಗೆ ಕೆಮ್ಮು ಬತ್ತದೆ ಅಂತ..."

"ಗೊತ್ತು ಕಣವ್ವ, ಗೊತ್ತು. ಇಲ್ಲಿ ನಾನು ಕುಂತು ಉಣ್ಣೋಳು. ಅಲ್ಲಿ ಅವ್ಳು ನಾಳಿದ್ದಿಂದ ಕೆಲ್ಸಕ್ಕೋಯ್ತಳೆ, ಅವ್ನು ಶಿಫ್ಟು. ಆ ಮಗೀಗೆ ಯಾರವ್ರೆ? ನಂಗಿನ್ನೂ ಕೈ ಕಾಲು ಆಡ್ತವೆ."

"ಹಂಗಾದ್ರೆ ನಾನು ಬ್ಯಾಡ್ವಾ ನಿಮ್ಗೆ?"

ಅತ್ತೆ ನನ್ನ ಒದ್ದೆ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡರು. "ನೀನು ಎಲ್ಲಿಗೋಗಿದ್ದೀಯ? ಕಲ್ಲಿನ ಆಚೆ ತಾನೆ ನಾನಿರೋದು" ಅಂದು, ತಾವೇ ಅದನ್ನು ತೊಳೆದು ಬೋರಲು ಹಾಕಿದರು. ನನಗೆ ಅಳು ಬಂತು. ಅಳಲಿಲ್ಲ. ಅವರು ಹೋದ ಮೇಲೆ ಆ ಪಾತ್ರೆಯನ್ನು ಸಿಟ್ಟಿನಿಂದ ಮತ್ತೆ ತಿಕ್ಕಿದೆ. ಗಿಡದ ಗೊಬ್ಬರಕ್ಕೂ ಇದಕ್ಕೂ ಗಂಟು ಹಾಕಿ ನನಗೆ ಬುದ್ಧಿ ಹೇಳಬೇಡಿ. ನನ್ನ ತಮ್ಮ ಆಗಲೇ ಹೇಳಿ ಬೈಸಿಕೊಂಡಿದ್ದಾನೆ.

ಅತ್ತೆಯ ಟ್ರಂಕು, ಹಾಸಿಗೆ ಸುರುಳಿ, ಎಲೆ ಅಡಿಕೆ ಚೀಲ ಕಲ್ಲಿನ ಆಚೆ ಹೋದವು. ಬೆಳಿಗ್ಗೆ ವ್ಯಾನು ಹಾರನ್ ಮಾಡುತ್ತಿತ್ತು, ಸುಧಾ ಡಬ್ಬಿ ಹಿಡಿದು ಓಡುತ್ತಿದ್ದಳು, ಪುಟ್ಟಿ ಒಂದು ಸುತ್ತು ಅತ್ತು ಸುಮ್ಮನಾಗುತ್ತಿತ್ತು. ಆಮೇಲೆ ಆ ಹಿತ್ತಲಲ್ಲಿ ಅತ್ತೆಯ ಜೋಗುಳ. ನನ್ನ ಮಕ್ಕಳಿಗೆ ಹಾಡಿದ್ದ ಅದೇ ಜೋಗುಳ. ನಾನು ಅವರ ಕಡೆ ಹೋಗಲಿಲ್ಲ. ಹಲಸಿನ ಬುಡದ ಕಡೆಯೂ ಹೋಗಲಿಲ್ಲ. ಗಿಡಕ್ಕೆ ನೀರು ಸರಿಯಾಗಿ ಹಾಕಲಿಲ್ಲ, ಹಿಕ್ಕೆಯನ್ನೆಲ್ಲ ತೋಟಕ್ಕೆ ಸಾಗಿಸಿದೆ. ಸತ್ತರೆ ಸಾಯಲಿ ಎಂದುಕೊಂಡೆ. ಅತ್ತೆ ಮಾತ್ರ ದಿನಾ ಕಲ್ಲಿನ ಹತ್ತಿರ ಬಂದು, "ಉಂಡ್ಯೇನವ್ವ?" ಎಂದು ಕೇಳಿಯೇ ಹೋಗುತ್ತಿದ್ದರು. ಹೂಂ ಅನ್ನುತ್ತಿದ್ದೆ, ಬಾಯಿ ಬಿಡದೆ.

ಶಿವರಾತ್ರಿಯ ಹೊತ್ತಿಗೆ ಹೊಂಗೆ ಮರ ಎಲೆ ಉದುರಿಸುತ್ತದೆ. ಆ ಸಲ ಒಂದೇ ವಾರದಲ್ಲಿ ಬೋಳಾಯಿತು. ನನ್ನ ಹಿತ್ತಲಿಗೆ ಅಪರೂಪಕ್ಕೆ ಬಿಸಿಲು ಬಿತ್ತು. ಹುಳದ ಮನೆ ಖಾಲಿಯಿತ್ತು, ಹೊಸ ಮೊಟ್ಟೆ ಇನ್ನೂ ತಂದಿರಲಿಲ್ಲ. ಒಂದು ಬೆಳಿಗ್ಗೆ ಆ ಎಲೆಗಳನ್ನು ಗುಡಿಸುತ್ತಿದ್ದೆ. ಮೂಗಿಗೆ ಏನೋ ಬಡಿಯಿತು. ನಿಂತೆ. ಹೋಯಿತು. ಇನ್ನೆರಡು ಸಲ ಪೊರಕೆ ಎಳೆಯುವಷ್ಟರಲ್ಲಿ ಮತ್ತೆ ಬಂತು. ಪೊರಕೆ ಬಿಸಾಕಿ ಕೂತು ಎಲೆ ಸರಿಸಿದೆ. ಆ ಸೊಕ್ಕಿದ ಎಲೆಗಳೆಲ್ಲ ಬಾಡಿ ಅರ್ಧವಾಗಿದ್ದವು. ಅವುಗಳ ಅಡಿಯಲ್ಲಿ, ಹೊಂಗೆಯ ಬುಡದಲ್ಲಿ, ನನ್ನ ಹೂಗಳು. ಹೆಚ್ಚಿರಲಿಲ್ಲ. ಆದರೆ ಬಣ್ಣ ಅವಳವಕ್ಕಿಂತ ಗಾಢ. ಯಾರು ಬೇಕಾದರೂ ಬಂದು ನೋಡಬಹುದಿತ್ತು.

ಮುನಿಸು ಎಲ್ಲಿ ಹೋಯಿತೋ ತಿಳಿಯದು, "ಅತ್ತೆ! ಅತ್ತೇ!" ಎಂದು ಊರಿಗೆ ಕೇಳುವ ಹಾಗೆ ಕೂಗಿದೆ.

ಅತ್ತೆ ಪುಟ್ಟಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಲ್ಲು ದಾಟಿ ಬಂದರು. ಮಗುವನ್ನು ನನ್ನ ಮಡಿಲಿಗೆ ಹಾಕಿ, ಮೊಣಕಾಲೂರಿ ಬಗ್ಗಿದರು. ಬಹಳ ಹೊತ್ತು ಹಾಗೇ ಇದ್ದರು. "ಇದ್ರ ವಾಸ್ನೆ ಒಸಿ ಜಾಸ್ತಿನೇ ಐತೆ ಕಣವ್ವ" ಅಂದರು. ನಿಜವೋ ಸುಳ್ಳೋ ನಾನು ವಿಚಾರಿಸಲಿಲ್ಲ. ಆಮೇಲೆ ಬೇರಿನ ಮೇಲೆ ನನಗೆ ಬೆನ್ನು ಮಾಡಿ ಕೂತು, ತಲೆಯ ಮೇಲಿನ ಸೆರಗು ಇಳಿಸಿದರು.

ತುರುಬಿನಲ್ಲಿ ಆಗಲೇ ಹೂ ಇತ್ತು. ಸುಧಾ ವ್ಯಾನು ಹತ್ತುವ ಮುಂಚೆ ಸಿಕ್ಕಿಸಿ ಹೋದದ್ದು. ಇನ್ನೂ ಬಾಡಿರಲಿಲ್ಲ.

ಪುಟ್ಟಿಯನ್ನು ಕೆಳಗಿಳಿಸಿ, ಪಿನ್ನು ತೆಗೆದು, ಆ ಹೂಗಳನ್ನು ಕಿತ್ತು ಕೆಳಕ್ಕೆ ಹಾಕಿದೆ. ಅದೇ ಪಿನ್ನಿಗೆ ನನ್ನ ಹೂಗಳನ್ನು ಸೇರಿಸಿ ಸಿಕ್ಕಿಸಿದೆ.

"ಅವ್ಳು ಇಟ್ಟಿದ್ನ ಕಿತ್ತಾಕ್ಬುಟ್ಯಾ?"

"ಹೂಂ."

ಅತ್ತೆಯ ಬೆನ್ನು ಅಲುಗಿತು. ನಗುತ್ತಿದ್ದರು. "ಸಾಯಂಕಾಲ ಬಂದು ನೋಡಿ ಉರ್ಕೊತಾಳೆ. ಅವ್ಳೂ ನಿನ್ನಂಗೇ ಕಣವ್ವ. ದಿನಾ ಕೇಳ್ತಾಳೆ, ಅಕ್ಕನ ಕೈ ಮುದ್ದೆನೇ ರುಚಿಯಾ ಅತ್ತೆ, ಅಕ್ಕ ಕಾಸಿದ ನೀರೇ ಹಿತವಾ ಅಂತ."

ನನ್ನ ಕಿವಿ ನೆಟ್ಟಗಾಯಿತು. "ಅದಕ್ಕೆ ನೀವೇನಂತೀರ?"

"ಇನ್ನೇನಂದೇನು? ಹೌದು ಅಂತೀನಿ."

ಆ ವರ್ಷ ನನಗೆ ಅಷ್ಟು ಖುಷಿಯಾದ ಮಾತು ಇನ್ನೊಂದಿರಲಿಲ್ಲ. ಪುಟ್ಟಿ ಅತ್ತೆಯ ಸೀರೆ ಹಿಡಿದು ಎಳೆಯುತ್ತಿತ್ತು. ಅತ್ತೆ ಎದ್ದು, ಮಗುವನ್ನು ಎತ್ತಿಕೊಂಡು, ರೂಢಿಯಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದರು. ನಾನು ಆ ಕೈ ಹಿಡಿದೆ.

"ಮುಚ್ಕೊಬ್ಯಾಡಿ ಅತ್ತೆ" ಎಂದೆ. "ಅವ್ಳಿಗೆ ಕಾಣ್ಲಿ."